ಬಾದಾಮಿಯ ಕಲ್ಮನೆಗಳಿಗೆ ಒಂದು ದಿನ: ಗೈಡ್ ಜೊತೆ ಹೋಗುವವರಿಗೆ

ಬಾದಾಮಿಗೆ ಒಂದು ದಿನದ ಪ್ಯಾಕೇಜು ಮಾರುವವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಐದು ಜಾಗ ಇರುತ್ತವೆ: ಬಾದಾಮಿ ಗುಹೆ, ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ. ಓದೋಕೆ ಚೆನ್ನಾಗಿದೆ. ಕೂತು ಲೆಕ್ಕ ಹಾಕಿದರೆ ನಾಲ್ಕು ಗುಹೆಗಳ ಪಾಲಿಗೆ ಬರುವುದು ಮುಕ್ಕಾಲು ತಾಸು. ಅದರಲ್ಲಿ ಮೆಟ್ಟಿಲು ಹತ್ತಿ ಇಳಿಯೋದಕ್ಕೇ ಇಪ್ಪತ್ತು ನಿಮಿಷ, ಸೆಲ್ಫಿಗೆ ಹತ್ತು, ಮಂಗ್ಯಾಗಳಿಗೆ ಐದು. ಉಳಿದ ಹತ್ತು ನಿಮಿಷದಲ್ಲಿ ಗೈಡ್ ಹದಿನೆಂಟು ಕೈಯ ನಟರಾಜನನ್ನು ತೋರಿಸಿ, ಉಳಿದದ್ದನ್ನು ಬೆರಳು ಮಾಡಿ ಹೇಳಿ ಮುಗಿಸುತ್ತಾನೆ. ಅದು ಅವನ ತಪ್ಪಲ್ಲ, ಕೊಟ್ಟ ಹೊತ್ತೇ ಅಷ್ಟು.

ಹಾಗಾಗಿ ಮೊದಲ ಸಲಹೆ ಕತ್ತರಿ ಹಾಕುವುದು. ಗುಹಾಲಯ ನೋಡುವುದೇ ಉದ್ದೇಶವಾದರೆ ಒಂದು ದಿನಕ್ಕೆ ಬಾದಾಮಿಯ ನಾಲ್ಕು ಗುಹೆ, ಎದುರಿನ ಮ್ಯೂಸಿಯಂ, ಐಹೊಳೆಯ ರಾವಣಫಡಿ ಗುಹೆ, ಸಂಜೆಗೆ ಭೂತನಾಥ ಗುಡಿ ಸಾಕು. ಪಟ್ಟದಕಲ್ಲು ಐಹೊಳೆಯ ದಾರಿಯಲ್ಲೇ ಸಿಗುತ್ತದೆ, ಬಿಟ್ಟು ಹೋಗಲು ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೆ ಅದು ಕಟ್ಟಿದ ಗುಡಿಗಳ ಊರು, ಅದಕ್ಕೆ ಬೇರೆ ಅರ್ಧ ದಿನ ಬೇಕು. ಕೊರೆದ ಗುಡಿಯನ್ನೂ ಕಟ್ಟಿದ ಗುಡಿಯನ್ನೂ ಒಂದೇ ದಿನ ಕಣ್ಣಿಗೆ ತುರುಕಿದರೆ ಸಂಜೆಗೆ ಎಲ್ಲವೂ ಒಂದೇ ಥರ ಕಾಣುತ್ತವೆ.

ಇನ್ನು ಹೆಸರಿನ ವಿಷಯ. ನಾವೆಲ್ಲ ಗುಹೆ ಅನ್ನುತ್ತೇವೆ. ಕೊರೆಸಿದವರು ಹಾಗೆ ಕರೆದಿಲ್ಲ. ಮೂರನೆಯ ಗುಹೆಯಲ್ಲಿ ಶಕ 500ರ, ಅಂದರೆ ಕ್ರಿ.ಶ. 578ರ ಸಂಸ್ಕೃತ ಶಾಸನ ಇದೆ. ಚಾಲುಕ್ಯ ಒಂದನೆಯ ಕೀರ್ತಿವರ್ಮನ ಆಳ್ವಿಕೆಯ 12ನೆಯ ವರ್ಷ, ಅವನ ತಮ್ಮ ಮಂಗಲೇಶ ಮಾಡಿಸಿದ್ದು. ಅದು ಇದನ್ನು ‘ಮಹಾವಿಷ್ಣುಗೃಹ’ ಎನ್ನುತ್ತದೆ. ಹೊರಗಿನ ಬಂಡೆಯ ಮೇಲೆ ಮಂಗಲೇಶನದೇ ಒಂದು ಪುಟ್ಟ ಕನ್ನಡ ಶಾಸನ ಇದೆ. ಅದರಲ್ಲಿ ‘ಕಲ್ಮನೆ’ ಎಂದಿದೆ. ಕಲ್ಲಿನ ಮನೆ. ಲಂಜಿಗೇಸರ ಎಂಬ ಊರನ್ನು ಈ ಕಲ್ಮನೆಗೆ ಬಿಟ್ಟುಕೊಟ್ಟ ವಿಷಯ, ದೇವರಿಗೆ ಹೂಮಾಲೆ ಕಟ್ಟುವವರ ಪಾಲು, ಇದನ್ನು ಅಳಿಸಿದವನು ಏಳನೆಯ ನರಕದ ಹುಳವಾಗಲಿ ಎಂಬ ಶಾಪ, ಇಷ್ಟೇ ಅದರ ಮಾತು. ಹದಿನಾಲ್ಕೂವರೆ ಶತಮಾನದ ಹಿಂದೆ ಹೂ ಕಟ್ಟುವವರ ಸಂಬಳದ ಬಗ್ಗೆ ಬಂಡೆಯ ಮೇಲೆ ಕನ್ನಡದಲ್ಲಿ ಬರೆಸಿದ್ದಾರೆ. ಗುಡ್ಡ ಹತ್ತಿದವರಲ್ಲಿ ಇದನ್ನು ನೋಡಿ ಬರುವವರು ತೀರಾ ಕಡಿಮೆ.

ಈ ‘ಮನೆ’ ಎಂಬ ಮಾತನ್ನು ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದರೆ ಗುಹೆಗಳು ತಾವೇ ಬಿಚ್ಚಿಕೊಳ್ಳುತ್ತವೆ. ಮುಂದೆ ಕಂಬಗಳ ಸಾಲಿನ ಪಡಸಾಲೆ, ಅದರ ಹಿಂದೆ ನಡುಮನೆ, ತೀರಾ ಹಿಂದಿನ ಗೋಡೆಯಲ್ಲಿ ಚೌಕಾಕಾರದ ಸಣ್ಣ ದೇವರಮನೆ. ನಾಲ್ಕರದ್ದೂ ಇದೇ ನಕ್ಷೆ. ಮೇಲೆ ನೋಡಿ: ಕಂಬದಿಂದ ಕಂಬಕ್ಕೆ ತೊಲೆ ಇದೆ, ತೊಲೆಯ ಕೆಳಗೆ ಬೋದಿಗೆ, ಅಂದರೆ ಕಂಬದ ತಲೆಯಿಂದ ಚಾಚಿದ ಆಸರೆ, ಇದೆ, ಮುಂಚಾಚಿನ ಒಳಮೈಯಲ್ಲಿ ಜಂತಿಯ ಸಾಲು ಇದೆ. ಕಟ್ಟಿಗೆ ಮನೆಯಲ್ಲಿ ಇವು ಭಾರ ಹೊರುತ್ತವೆ. ಇಲ್ಲಿ ಇಡೀ ಗುಡ್ಡವೇ ಒಂದು ಕಲ್ಲು, ಈ ಜಂತಿಗಳು ಹೊರುವುದು ಏನೂ ಇಲ್ಲ. ಆದರೂ ಬಿಡದೆ ಕೆತ್ತಿದ್ದಾರೆ, ಏಕೆಂದರೆ ಮನೆ ಅಂದಮೇಲೆ ಜಂತಿ ಬೇಕು.

ಕೆಲಸ ನಡೆದದ್ದು ಮನೆ ಕಟ್ಟುವುದರ ತಿರುಗಾಮುರುಗಾ. ಮನೆಗೆ ಮೊದಲು ಬುನಾದಿ, ಕೊನೆಗೆ ಮಾಡು. ಕೊರೆಯುವಾಗ ಮೊದಲು ಮಾಡು, ಕೊನೆಗೆ ನೆಲ. ಮುಂದಿನಿಂದ ಹಿಂದಕ್ಕೆ, ಮೇಲಿನಿಂದ ಕೆಳಕ್ಕೆ. ಕಂಬ ನಿಲ್ಲಬೇಕಾದ ಜಾಗದಲ್ಲಿ ಕಲ್ಲು ಉಳಿಸಿಕೊಂಡು ಸುತ್ತಲಿನದನ್ನು ತೆಗೆಯುತ್ತಾರೆ. ಒಂದು ಏಟು ಹೆಚ್ಚಾದರೆ ಹೊಸ ಕಲ್ಲು ತಂದು ಕೂರಿಸುವಂತಿಲ್ಲ. ಇಲ್ಲಿನದು ಮರಳುಗಲ್ಲು, ಪದರ ಪದರವಾಗಿ ಕೂತದ್ದು. ಬಿಳಿ, ಗುಲಾಬಿ, ನೇರಳೆ ಬಣ್ಣದ ಪಟ್ಟೆಗಳು ದೇವರ ಮೊಗದ ಮೇಲೂ ಹಾದುಹೋಗುತ್ತವೆ. ಶಿಲ್ಪಿ ಬಯಸಿ ತಂದದ್ದಲ್ಲ, ಬಂಡೆ ಕೊಟ್ಟದ್ದು. ಪದರಗಳ ನಡುವೆ ನೀರು ಇಳಿದ ಕಡೆ ಮೇಲ್ಮೈ ಹಪ್ಪಳದಂತೆ ಎದ್ದು ಉದುರುತ್ತದೆ. ಹಾಗಾಗಿಯೇ ಮುಟ್ಟಬೇಡಿ, ಒರಗಬೇಡಿ ಅನ್ನುವುದು. ಕೈಯ ಜಿಡ್ಡು ಹತ್ತಿ ಕರ್ರಗಾದ ಮೊಣಕಾಲು, ಪಾದಗಳು ಎಲ್ಲ ಗುಹೆಗಳಲ್ಲೂ ಎದ್ದು ಕಾಣುತ್ತವೆ.

ಗೈಡ್ ಎಲ್ಲಿ ಸಿಗುತ್ತಾರೆ? ಗುಹೆಯ ಬುಡದಲ್ಲಿ, ಟಿಕೆಟ್ ಕೊಡುವ ಕಡೆಯೇ ಇರುತ್ತಾರೆ. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಕೊರಳಲ್ಲಿ ಇದೆಯೋ ನೋಡಿ. ಆಮೇಲೆ ಹಣದ ಮಾತು ಮುಂಚೆಯೇ ಆಗಲಿ: ನಾಲ್ಕೂ ಗುಹೆಗೆ ಸೇರಿ ಎಷ್ಟು, ಎಷ್ಟು ತಾಸು, ಗುಂಪಿಗೋ ತಲೆಗೋ, ಐಹೊಳೆಗೂ ಬರುವುದಾದರೆ ದಿನಕ್ಕೆ ಎಷ್ಟು, ಊಟ ಯಾರದು. ಜಗಳ ಬರುವುದು ಯಾವಾಗಲೂ ‘ನೋಡಿ ಕೊಡ್ರಿ ಸರ್’ ಎಂಬಲ್ಲಿಂದ. ಟ್ಯಾಕ್ಸಿ ಡ್ರೈವರ್ ಕರೆತಂದ ಗೈಡ್ ಆದರೆ ಅದರಲ್ಲಿ ಡ್ರೈವರ್ ಪಾಲೂ ಇರಬಹುದು, ತಪ್ಪೇನಿಲ್ಲ, ಆದರೆ ನೀವೇ ಆರಿಸಿಕೊಂಡರೆ ಒಳ್ಳೆಯದು.

ಆರಿಸಲು ಒಂದೇ ಪ್ರಶ್ನೆ ಸಾಕು: “ಮೂರನೇ ಗುಹೆಯ ಕನ್ನಡ ಶಾಸನ ಎಲ್ಲಿ ಐತಿ, ತೋರಿಸ್ತೀರೇನು?” ತಟ್ಟನೆ “ತೋರಸ್ತೀನ್ರಿ, ಹೊರಗಿನ ಬಂಡಿ ಮ್ಯಾಲೆ ಐತಿ” ಅಂದವರ ಜೊತೆ ಹೋಗಿ. ಆನೆ-ಎತ್ತಿನ ಶಿಲ್ಪದ ಕಡೆ ಮಾತು ತಿರುಗಿಸಿದರೆ ಇನ್ನೊಬ್ಬರನ್ನು ಕೇಳಿ. ಕನ್ನಡ ಬಲ್ಲವರು ಕನ್ನಡದಲ್ಲೇ ಹೇಳಿಸಿಕೊಳ್ಳಿ ಎಂಬುದು ನನ್ನ ಆಗ್ರಹ. ಇಂಗ್ಲಿಷಿನಲ್ಲಿ ಗಟ್ಟಿ ಮಾಡಿದ ಪಾಠ ಒಪ್ಪಿಸುವ ಗೈಡೇ ಕನ್ನಡಕ್ಕೆ ಬಂದಾಗ ನಿಧಾನಿಸುತ್ತಾರೆ, ಪ್ರಶ್ನೆಗೆ ನಿಲ್ಲುತ್ತಾರೆ.

ಜೊತೆಗೆ ಒಯ್ಯಬೇಕಾದದ್ದು ಕಡಿಮೆ. ಒಂದು ಸಣ್ಣ ಟಾರ್ಚು ಮಾತ್ರ ಮರೆಯಬೇಡಿ, ಮೊಬೈಲಿನದು ಸಾಲದು. ಮೊಬೈಲಿನ ಬೆಳಕು ಎದುರಿಗೆ ಹರಡಿ ಉಬ್ಬುಶಿಲ್ಪವನ್ನು ಚಪ್ಪಟೆ ಮಾಡುತ್ತದೆ. ಟಾರ್ಚನ್ನು ಗೋಡೆಗೆ ಹತ್ತಿರ, ಪಕ್ಕದಿಂದ ಓರೆಯಾಗಿ ಹಿಡಿದರೆ ಆಭರಣದ ಎಳೆ, ಜಟೆಯ ಸುರುಳಿ, ಉಳಿಯ ಗುರುತು ಎಲ್ಲ ನೆರಳು ಕಟ್ಟಿ ಎದ್ದು ಬರುತ್ತವೆ. ಚಾವಣಿಗೆ ಸಾಧ್ಯವಾದರೆ ಪುಟ್ಟ ದುರ್ಬೀನು. ನೀರಿನ ಬಾಟಲಿ ಬ್ಯಾಗಿನ ಒಳಗೆ, ಜಿಪ್ ಹಾಕಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಮಾತ್ರ ಬೇಡವೇ ಬೇಡ.

ಯಾಕೆ ಅಂದರೆ ಮಂಗ್ಯಾಗಳು. ಬಾದಾಮಿಯ ಕೆಂಪು ಮೂತಿಯ ಮಂಗಗಳಿಗೆ ಚೀಲದ ಸರಸರ ಸದ್ದು ಎಂದರೆ ತಿಂಡಿ. ಚೀಲದಲ್ಲಿ ಇರುವುದು ಚಪ್ಪಲಿಯಾದರೂ ಮೊದಲು ಕಿತ್ತುಕೊಳ್ಳುತ್ತವೆ, ಆಮೇಲೆ ನೋಡುತ್ತವೆ. ಬಣ್ಣದ ಪಾನೀಯದ ಬಾಟಲಿ, ಬಾಳೆಹಣ್ಣು, ಚಿಪ್ಸು, ತಲೆಯ ಮೇಲೆ ಏರಿಸಿಕೊಂಡ ಕನ್ನಡಕ ಇವು ನಾಲ್ಕು ಹೆಚ್ಚು ಹೋಗುವ ವಸ್ತುಗಳು. ಹಿಡಿದರೆ ಬಿಟ್ಟುಬಿಡಿ, ಎಳೆದಾಡಿದರೆ ಪರಚುತ್ತವೆ. ಕಣ್ಣಿಗೆ ಕಣ್ಣಿಟ್ಟು ನೋಡುವುದು, ಹಲ್ಲು ಬಿಟ್ಟು ನಗುವುದು ಅವುಗಳಿಗೆ ಸವಾಲು ಹಾಕಿದ ಹಾಗೆ. ಓಡಿದರೆ ಬೆನ್ನು ಹತ್ತುತ್ತವೆ. ಕೋಲು ಹಿಡಿದ ಕಾವಲುಗಾರರು ಇರುತ್ತಾರೆ, ಅವರ ಹಿಂದೆ ನಿಂತರೆ ಸಾಕು, ಕೋಲು ಎತ್ತುವುದೇ ಬೇಕಾಗುವುದಿಲ್ಲ. ಪರಚಿದರೆ ಅಥವಾ ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಆವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ. ಪ್ರವಾಸ ಮುಗಿಸಿ ಊರಿಗೆ ಹೋದಮೇಲೆ ನೋಡೋಣ ಅನ್ನಬೇಡಿ.

ಗುಹೆಗಳಿಗೆ ಭಾರತೀಯರಿಗೆ 25 ರೂಪಾಯಿ ಟಿಕೆಟ್, ಹೊರದೇಶದವರಿಗೆ 300. ಆನ್‌ಲೈನಿನಲ್ಲಿ ಸ್ವಲ್ಪ ಕಡಿಮೆ, ಹದಿನೈದು ವರ್ಷದ ಒಳಗಿನ ಮಕ್ಕಳಿಗೆ ಇಲ್ಲ. ದರ ಬದಲಾಗುತ್ತಿರುತ್ತದೆ, ಹೊರಡುವ ಮುನ್ನ ನೋಡಿಕೊಳ್ಳಿ. ಅಮೆರಿಕ, ಬ್ರಿಟನ್‌ನಿಂದ ಬರುವ ನಮ್ಮವರು ಓಸಿಐ ಕಾರ್ಡು (ಭಾರತ ಮೂಲದ ಹೊರದೇಶದ ಪ್ರಜೆಗಳಿಗೆ ಕೊಡುವುದು) ಮರೆತು ಬರುವುದು ಹೆಚ್ಚು. ಕಾರ್ಡು ತೋರಿಸಿದರೆ ಭಾರತೀಯರ ದರವೇ. ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಮುಂಗಡ ಅನುಮತಿ ಬೇಕು, ಗೇಟಿನಲ್ಲಿ ವಾದ ಮಾಡಿ ಪ್ರಯೋಜನ ಇಲ್ಲ. ಮ್ಯೂಸಿಯಂಗೆ ಶುಕ್ರವಾರ ರಜೆ. ಇದೊಂದು ಗೊತ್ತಿಲ್ಲದೆ ಶುಕ್ರವಾರ ಇಟ್ಟುಕೊಂಡು ಬರುವವರು ಬಹಳ.

ಬೆಳಿಗ್ಗೆ ಗೇಟು ತೆರೆದ ಕೂಡಲೆ ಹತ್ತಿ. ಫೋಟೋದವರು ಬೆಳಕಿನ ಚಿಂತೆ ಮಾಡುತ್ತಾರೆ, ಇಲ್ಲಿ ಅದು ಬೇಕಿಲ್ಲ. ಗುಹೆಗಳ ಮುಖ ಉತ್ತರಕ್ಕೆ, ಅಗಸ್ತ್ಯ ತೀರ್ಥ ಎಂಬ ಕೆರೆಯ ಕಡೆಗೆ. ಚಳಿಗಾಲದಲ್ಲಿ ನೇರ ಬಿಸಿಲು ಪಡಸಾಲೆಗೆ ಬೀಳುವುದೇ ಇಲ್ಲ. ಎದುರಿನ ಕೆಂಪು ಬಂಡೆಯಿಂದ, ಕೆರೆಯಿಂದ ಮರಳಿ ಬರುವ ಮೆತ್ತನೆಯ ಬೆಳಕೇ ದಿನವೆಲ್ಲ. ಬೇಗ ಹೋಗುವುದು ಬೆಳಕಿಗಲ್ಲ, ಜನರಿಗೆ. ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಬಂದಿಳಿದ ಮೇಲೆ ಒಂದನೆಯ ಗುಹೆಯಲ್ಲಿ ನಿಲ್ಲಲು ಜಾಗ ಇರುವುದಿಲ್ಲ, ಗೈಡಿನ ಮಾತು ಕೇಳಿಸುವುದಿಲ್ಲ. ತಡವಾಗಿ ಬಂದಿರೋ, ಕ್ರಮ ತಿರುಗಿಸಿ: ನೇರ ನಾಲ್ಕನೆಯದಕ್ಕೆ ಹತ್ತಿ, ನೋಡುತ್ತಾ ಕೆಳಗಿಳಿಯಿರಿ. ಗುಂಪು ಮೇಲೆ ಬರುವ ಹೊತ್ತಿಗೆ ನೀವು ಕೆಳಗೆ ಇರುತ್ತೀರಿ. ನಂಬರು ಹತ್ತುವ ಸಾಲಿನದು, ವಯಸ್ಸಿನದಲ್ಲ, ಹಾಗಾಗಿ ಕ್ರಮ ತಪ್ಪಿದರೆ ಕತೆ ಕೆಡುವುದಿಲ್ಲ. ವರ್ಷ ನಮೂದಾಗಿರುವುದು ಮೂರನೆಯದರಲ್ಲಿ ಮಾತ್ರ.

ಒಂದನೆಯದಕ್ಕೆ ಸುಮಾರು 40 ಮೆಟ್ಟಿಲು, ಅಲ್ಲಿಂದ ಎರಡನೆಯದಕ್ಕೆ 60ರ ಮೇಲೆ, ಮೂರನೆಯದಕ್ಕೆ ಮತ್ತೆ ಅಷ್ಟೇ, ನಾಲ್ಕನೆಯದು ಅದರ ಪಕ್ಕದಲ್ಲೇ. ಲೆಕ್ಕಕ್ಕೆ ಕಡಿಮೆಯೇ, ಆದರೆ ಮೆಟ್ಟಿಲುಗಳು ಒಂದರ ಹಾಗೆ ಒಂದಿಲ್ಲ, ಕೆಲವು ಮೊಣಕಾಲೆತ್ತರ. ಮಂಡಿನೋವಿನ ಹಿರಿಯರಿಗೆ ಇಳಿಯುವುದೇ ಕಷ್ಟ. ಅಂಥವರು ಒಂದನೆಯದನ್ನು ನಿಧಾನವಾಗಿ ನೋಡಿ ಅಲ್ಲೇ ನೆರಳಿನಲ್ಲಿ ಕೂರಬಹುದು. ಕೆರೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಸದ್ದು ಬಂಡೆಗೆ ಬಡಿದು ಎರಡೆರಡು ಸಲ ಕೇಳುತ್ತದೆ, ಹೊತ್ತು ಹೋಗುವುದು ತಿಳಿಯುವುದಿಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಚುಗಳನ್ನು ಬಿಟ್ಟು ಮೆಟ್ಟಿಲ ನಡುವೆ ಕಾಲಿಡಿ. ಏಪ್ರಿಲ್, ಮೇಯಲ್ಲಿ ಹತ್ತೂವರೆಯ ಮೇಲೆ ಬಯಲಿನ ಕಲ್ಲು ಕಾದ ಹಂಚು. ಒಳಗೆ ತಂಪು ಇರುತ್ತದೆ, ಬಿಸಿಲು ಹೊಡೆಯುವುದು ಒಂದು ಗುಹೆಯಿಂದ ಇನ್ನೊಂದಕ್ಕೆ ಹೋಗುವಾಗ.

ಒಂದನೆಯದು ಶಿವನ ಮನೆ. ಎದುರು ನಿಂತರೆ ಬಲಗಡೆ ಹೊರಬಂಡೆಯ ಮೇಲೆ ನಟರಾಜ, ಐದು ಅಡಿ ಎತ್ತರ, ಹದಿನೆಂಟು ಕೈ. ಪಕ್ಕದಲ್ಲಿ ಗಣಪತಿ, ಮದ್ದಲೆ ಬಾರಿಸುವವನು, ನಂದಿ. ಇಲ್ಲಿ ಪ್ರತಿ ಗೈಡೂ 81 ಭಂಗಿಗಳ ಲೆಕ್ಕ ಹೇಳುತ್ತಾರೆ: ಎಡದ ಒಂಬತ್ತು ಕೈಯಲ್ಲಿ ಒಂದು, ಬಲದ ಒಂಬತ್ತರಲ್ಲಿ ಒಂದು ಜೋಡಿಸುತ್ತಾ ಹೋದರೆ ಒಂಬತ್ತೊಂಬತ್ತಲೆ 81. ಗುಣಾಕಾರ ಸರಿ ಇದೆ. ಆದರೆ ನಾಟ್ಯಶಾಸ್ತ್ರದ ಕರಣಗಳು, ಅಂದರೆ ಕುಣಿತದ ಮೂಲ ಚಲನೆಗಳು, 108, ಈ 81ಕ್ಕೂ ಅದಕ್ಕೂ ತಾಳೆಯಿಲ್ಲ. ಆಟವಾಗಿ ಚೆನ್ನಾಗಿದೆ, ಮಕ್ಕಳಿಂದ ಮಾಡಿಸಿ. ಶಾಸ್ತ್ರ ಎಂದು ನಂಬಬೇಡಿ. ಅದಕ್ಕಿಂತ ಸೊಂಟ ನೋಡಿ: ಇಷ್ಟು ಕೈ ಬೀಸಿದರೂ ಮೈಯ ಭಾರ ಒಂದು ಕಾಲಿನ ಮೇಲೆ ಸರಿಯಾಗಿ ಕೂತಿದೆ. ಕೈಗಳೆಲ್ಲ ಹೊರಟದ್ದು ಒಂದೇ ಭುಜದಿಂದ ಅನ್ನಿಸುತ್ತದೆ, ಅಂಟಿಸಿದ ಹಾಗೆ ಕಾಣುವುದಿಲ್ಲ.

ಎಡಗಡೆ ತ್ರಿಶೂಲ ಹಿಡಿದ ದ್ವಾರಪಾಲಕ, ಅವನ ಕೆಳಗೆ ಆನೆ-ಎತ್ತು. ಎರಡು ಮೈ, ತಲೆ ಒಂದೇ. ಗೈಡ್ ಅಂಗೈ ಅಡ್ಡ ಹಿಡಿದು ಒಂದು ಮೈ ಮುಚ್ಚುತ್ತಾರೆ: “ಈಗ ನೋಡ್ರಿ, ಆನಿ. ಈಗ ನೋಡ್ರಿ, ಎತ್ತು.” ಕೈ ಬದಲಾಯಿಸಿದಾಗ ಅದೇ ತಲೆ ಇನ್ನೊಂದು ಪ್ರಾಣಿಯದಾಗುತ್ತದೆ. ಇದು ಹತ್ತು ಸಲ ನೋಡಿದರೂ ಬೇಸರವಾಗುವುದಿಲ್ಲ. ಆದರೆ ಗುಂಪುಗಳು ಇಲ್ಲೇ ಹತ್ತು ನಿಮಿಷ ನಿಂತು, ಒಳಗಿನ ಹರಿಹರನ ಮುಂದೆ ಅರ್ಧ ನಿಮಿಷ ಕೂಡ ನಿಲ್ಲದೆ ಹೋಗುತ್ತವೆ.

ಪಡಸಾಲೆಯ ಎಡತುದಿಗೆ ಹರಿಹರ, ಬಲತುದಿಗೆ ಅರ್ಧನಾರೀಶ್ವರ. ಟಾರ್ಚಿನ ನಿಜವಾದ ಕೆಲಸ ಇಲ್ಲಿ. ಸುಮಾರು ಏಳೂಮುಕ್ಕಾಲು ಅಡಿಯ ಹರಿಹರನ ಹಣೆಯಿಂದ ನೇರ ಮೇಲಕ್ಕೆ ಬೆಳಕು ಒಯ್ಯಿರಿ: ಒಂದು ಗೆರೆಯ ಆಚೆ ಜಟೆ, ಈಚೆ ಕಿರೀಟ. ಅದೇ ಗೆರೆ ಹಿಡಿದು ಕೆಳಗಿಳಿದರೆ ಕೈಯ ಆಯುಧ, ಪಕ್ಕದಲ್ಲಿ ನಿಂತ ಹೆಂಡತಿ, ಎಲ್ಲವೂ ಎರಡು ಪಾಲು. ಶಿವನ ಕಡೆ ಪಾರ್ವತಿ, ನಂದಿ. ವಿಷ್ಣುವಿನ ಕಡೆ ಲಕ್ಷ್ಮಿ. ಅರ್ಧನಾರೀಶ್ವರನ ಪಕ್ಕದ ಎಲುಬಿನ ಗೂಡು ಭೃಂಗಿ. ಶಿವನೊಬ್ಬನಿಗೇ ನಮಸ್ಕಾರ ಎಂದು ಹಟ ಹಿಡಿದವನನ್ನು ಶಿವ ಪಾರ್ವತಿ ಒಂದೇ ಮೈಯಾದ ಮೂರ್ತಿಯ ಪಕ್ಕದಲ್ಲೇ ನಿಲ್ಲಿಸಿದ್ದಾರೆ. ಹೊರಡುವ ಮುನ್ನ ತಲೆ ಎತ್ತಿ ಪಡಸಾಲೆಯ ಚಾವಣಿಯ ಸುರುಳಿ ಸುತ್ತಿದ ನಾಗರಾಜನನ್ನು ನೋಡಿ. ಜಗುಲಿಯ ಬುಡದಲ್ಲಿ ಗಣಗಳ ಸಾಲು ಇದೆ, ಗುಜ್ಜಾರಿಗಳು, ಡೊಳ್ಳುಹೊಟ್ಟೆಯವರು, ಒಬ್ಬರ ಮೇಲೊಬ್ಬರು ಬೀಳುತ್ತಾ ಕುಣಿಯುವವರು. ಶಾಸ್ತ್ರದ ಹಂಗಿಲ್ಲದೆ ಕೆತ್ತಿದ್ದು ಇವನ್ನೇ ಅನ್ನಿಸುತ್ತದೆ. ಇದಕ್ಕೆಲ್ಲ ನಲವತ್ತು ನಿಮಿಷ ಕೊಡಿ.

ಎರಡನೆಯದು ಚಿಕ್ಕದು, ವಿಷ್ಣುವಿನದು. ಬಾಗಿಲಲ್ಲಿ ನಿಂತ ದ್ವಾರಪಾಲಕರ ಕೈಯಲ್ಲಿ ಆಯುಧ ಇಲ್ಲ, ಹೂ ಇದೆ. ಪಡಸಾಲೆಯ ಒಂದು ತುದಿಗೆ ವರಾಹ, ಇನ್ನೊಂದಕ್ಕೆ ತ್ರಿವಿಕ್ರಮ. ತ್ರಿವಿಕ್ರಮನ ಕೆಳಗೆ ಕೊಡೆ ಹಿಡಿದ ಕುಳ್ಳ ವಾಮನ, ದಾನ ಕೊಡುವ ಬಲಿ; ಅದೇ ಚೌಕಟ್ಟಿನಲ್ಲಿ ಮೇಲೆ ಅದೇ ವಾಮನ ಆಕಾಶಕ್ಕೆ ಕಾಲೆತ್ತಿದ್ದಾನೆ. ಮೊದಲು ಆದದ್ದೂ ಆಮೇಲೆ ಆದದ್ದೂ ಒಂದೇ ಕಲ್ಲಿನಲ್ಲಿ. ಗೈಡ್‌ಗೆ ಕೆಳಗಿನಿಂದ ಮೇಲಕ್ಕೆ ಕತೆ ಹೇಳಲು ಹೇಳಿ. ಚಾವಣಿಯಲ್ಲಿ ಹದಿನಾರು ಮೀನುಗಳೇ ಅರೆಗಳಾದ ಚಕ್ರ ಇದೆ, ಕತ್ತು ನೋಯುವ ತನಕ ನೋಡಬಹುದು.

ಎರಡಕ್ಕೂ ಮೂರಕ್ಕೂ ನಡುವೆ ತಾನಾಗಿ ಆದ ಒಂದು ಸಣ್ಣ ಗವಿ ಇದೆ, ಬಗ್ಗಿಯೇ ಹೋಗಬೇಕು. ಅಲ್ಲೇ ತೆಂಕಣ ಕೋಟೆಗೆ ಹತ್ತುವ ಕಡಿದಾದ ಮೆಟ್ಟಿಲು, ಬಾಗಿಲು ಹಾಕಿರುತ್ತಾರೆ. ತೆರೆಸಲು ಯಾರಿಗೂ ದುಡ್ಡು ಕೊಡಬೇಡಿ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಮುಂಭಾಗ ಸುಮಾರು 70 ಅಡಿ. ಇಲ್ಲಿಗೆ ಒಂದು ತಾಸು ಇಟ್ಟುಕೊಳ್ಳಿ. ಎಡತುದಿಗೆ ಆದಿಶೇಷನ ಮೇಲೆ ವಿಷ್ಣು. ಮಲಗಿಲ್ಲ, ಹಾವಿನ ಸುರುಳಿಯನ್ನು ಪೀಠ ಮಾಡಿಕೊಂಡು ಒಂದು ಕಾಲು ಮಡಚಿ ಆರಾಮವಾಗಿ ಕೂತಿದ್ದಾನೆ, ಹೆಡೆಗಳು ತಲೆಯ ಮೇಲೆ ಕೊಡೆಯಂತೆ. ಪಕ್ಕದಲ್ಲಿ ಭೂದೇವಿಯನ್ನು ಎತ್ತಿದ ವರಾಹ. ವರಾಹ ಚಾಲುಕ್ಯರ ಲಾಂಛನ. ಮುಳುಗಿದ ಭೂಮಿಯನ್ನು ಎತ್ತುವ ದೇವರನ್ನು ನಾಡು ಆಳುವ ಮನೆತನ ಮತ್ತೆ ಮತ್ತೆ ಕೆತ್ತಿಸಿದ್ದು ಸುಮ್ಮನೆ ಅಲ್ಲ. 578ರ ಸಂಸ್ಕೃತ ಶಾಸನ ಈ ವರಾಹನ ಹತ್ತಿರದ ಅರೆಗಂಬದ ಮೇಲೆಯೇ ಇದೆ. ನರಸಿಂಹ ಕೂಡ ನಾವು ಕ್ಯಾಲೆಂಡರಿನಲ್ಲಿ ಕಂಡವನಲ್ಲ: ತೊಡೆಯ ಮೇಲೆ ಹಿರಣ್ಯಕಶಿಪು ಇಲ್ಲ, ಕರುಳು ಇಲ್ಲ, ಸುಮ್ಮನೆ ಠೀವಿಯಿಂದ ನಿಂತಿದ್ದಾನೆ. ಬಲತುದಿಯ ತ್ರಿವಿಕ್ರಮನನ್ನು ಎರಡನೆಯ ಗುಹೆಯವನ ಜೊತೆ ಹೋಲಿಸಿ ನೋಡಿ. ಕತೆ ಒಂದೇ, ಇಲ್ಲಿ ಎಲ್ಲವೂ ದೊಡ್ಡದು, ಆಳವಾದದ್ದು.

ಕಂಬದಿಂದ ತೊಲೆಗೆ ಹೋಗುವ ಬೋದಿಗೆಗಳಲ್ಲಿ ಮರದ ಕೆಳಗಿನ ಜೋಡಿಗಳು. ಗಂಡು ಹೆಣ್ಣು, ಒಬ್ಬಳ ಭುಜದ ಮೇಲೆ ಒಬ್ಬನ ಕೈ, ಕುಡಿದು ತೂಗುವವಳೊಬ್ಬಳು. ಮಕ್ಕಳ ಗುಂಪು ಬಂದರೆ ಮೇಷ್ಟ್ರು ಬೇಗ ಬೇಗ ಮುಂದೆ ಕಳಿಸುವುದು ಇಲ್ಲಿಂದಲೇ. ಇನ್ನು ಮುಂಚಾಚಿನ ಒಳಮೈಯಲ್ಲಿ ಹಳೆಯ ವರ್ಣಚಿತ್ರದ ಅವಶೇಷ ಇದೆ. ತುಂಬಾ ಮಾಸಿದೆ, ಮೊದಲ ನೋಟಕ್ಕೆ ಕಲೆ ಅನ್ನಿಸುತ್ತದೆ. ಎರಡು ನಿಮಿಷ ಕಣ್ಣು ಹೊಂದಿಸಿಕೊಂಡರೆ ಮೊಗ, ತೋಳು ಬಿಡಿಸಿಕೊಳ್ಳುತ್ತವೆ. ಇಲ್ಲಿ ಫ್ಲ್ಯಾಶ್ ಬೇಡ, ಟಾರ್ಚೂ ನೇರ ಬಿಡಬೇಡಿ. ಕೊನೆಗೆ ಹೊರಗೆ ಬಂದು ಆ ಕಲ್ಮನೆಯ ಸಾಲು ತೋರಿಸಲು ಹೇಳಿ. ಹಳಗನ್ನಡ ಲಿಪಿ ಓದಲಾಗದು, ಆದರೆ ಒಮ್ಮೆ ಗೈಡ್ ಓದಿ ಹೇಳಿದ ಮೇಲೆ ‘ನ’, ‘ಗ’ದಂಥ ಒಂದೆರಡು ಅಕ್ಷರದ ಚಹರೆ ಸಿಕ್ಕೀತು.

ನಾಲ್ಕನೆಯದು ಜೈನರದು, ಉಳಿದವುಗಳಿಗಿಂತ ಆಮೇಲಿನದು. ಹೆಗಲ ಮೇಲೆ ಜಡೆ ಇಳಿಬಿದ್ದ ಬಾಹುಬಲಿ, ಕಾಲಿಗೆ ಬಳ್ಳಿ, ಪಾದದ ಬಳಿ ಹಾವು. ಶ್ರವಣಬೆಳಗೊಳದ ಮೂರ್ತಿ 10ನೆಯ ಶತಮಾನದ್ದು, ಇದು ಅದಕ್ಕಿಂತ ಹಿಂದಿನದು. ಎದುರು ತುದಿಗೆ ಹೆಡೆಯ ಕೆಳಗೆ ಪಾರ್ಶ್ವನಾಥ. ಒಳಗೋಡೆಯ ಸಣ್ಣ ತೀರ್ಥಂಕರರಲ್ಲಿ ಹಲವರನ್ನು ನಂತರದ ಶತಮಾನಗಳಲ್ಲಿ ಸೇರಿಸಿದ್ದಾರೆ. ಇಪ್ಪತ್ತು ನಿಮಿಷ ಸಾಕು, ಆದರೆ ಬಿಟ್ಟು ಇಳಿಯಬೇಡಿ. ಕೆರೆ ಪೂರ್ತಿ ಕಾಣುವುದೂ ಇಲ್ಲಿಂದಲೇ.

ಇಳಿದು ಕೆರೆಯ ಆಚೆ ದಡದ ಮ್ಯೂಸಿಯಂಗೆ ಬನ್ನಿ. ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿ ಎಂಬ ಫಲವಂತಿಕೆಯ ದೇವಿಯ ಶಿಲ್ಪವನ್ನು ನೋಡಲು ಅರ್ಧ ತಾಸು. ಅಲ್ಲಿಂದ ಊಟ. ಹತ್ತಿರದಲ್ಲಿ ಖಾನಾವಳಿಗಳಿವೆ: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಐದು ಕಿಲೋಮೀಟರು ಹೋಗುವ ಮನಸ್ಸಿದ್ದರೆ ಬನಶಂಕರಿ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂತ ಅಜ್ಜಿಯರ ರೊಟ್ಟಿ, ಕೆಂಪು ಚಟ್ನಿ, ಕುಡಿಕೆಯ ಮೊಸರು. ನನಗೆ ಕೇಳಿದರೆ ಎರಡನೆಯದೇ. ಐಹೊಳೆ ತಲುಪಿ ಉಣ್ಣೋಣ ಅನ್ನುವ ಲೆಕ್ಕ ಮಾತ್ರ ಬೇಡ, ಅಲ್ಲಿ ಆಯ್ಕೆ ಕಡಿಮೆ.

ಬಾದಾಮಿಯಿಂದ ಪಟ್ಟದಕಲ್ಲು 22 ಕಿಲೋಮೀಟರು, ಅಲ್ಲಿಂದ ಐಹೊಳೆ ಇನ್ನೊಂದು 13-14. ಹೋಗಿ ಬರಲು ಎಪ್ಪತ್ತರ ಮೇಲೆ. ಟ್ಯಾಕ್ಸಿಯವರ ‘8 ತಾಸು, 80 ಕಿಲೋಮೀಟರು’ ದರದಲ್ಲಿ ಇದು ಹೇಗೋ ಹಿಡಿಸುತ್ತದೆ. ಮಹಾಕೂಟ, ಬನಶಂಕರಿ ಸೇರಿಸಿದರೆ ಮೀರುತ್ತದೆ. ಮೀರಿದ ಕಿಲೋಮೀಟರಿಗೆ, ಮೀರಿದ ತಾಸಿಗೆ ಎಷ್ಟು ಎಂದು ಹತ್ತುವಾಗಲೇ ಕೇಳಿ, ಮೀಟರಿನ ಫೋಟೋ ತೆಗೆದಿಟ್ಟುಕೊಳ್ಳಿ. ಬಸ್ಸಿನಲ್ಲೂ ಹೋಗಬಹುದು, ಆದರೆ ಮರಳುವ ಬಸ್ಸಿನ ಹೊತ್ತನ್ನು ಬಾದಾಮಿ ಸ್ಟ್ಯಾಂಡಿನಲ್ಲೇ ಕೇಳಿಕೊಂಡು ಹೋಗಬೇಕು. ಹಂಪಿಯಿಂದ ಇದನ್ನೆಲ್ಲ ಒಂದೇ ದಿನಕ್ಕೆ ಮಾಡಿಸುತ್ತೇವೆ ಅನ್ನುವವರಿದ್ದಾರೆ. ಒಂದು ಕಡೆಗೇ ಸುಮಾರು 140 ಕಿಲೋಮೀಟರು, ದಿನದಲ್ಲಿ ಆರೇಳು ತಾಸು ಕಾರಿನಲ್ಲೇ. ಹುಬ್ಬಳ್ಳಿಯಿಂದ ನೂರರ ಆಸುಪಾಸು, ಅದು ಆಗುತ್ತದೆ. ಮೈಸೂರು, ಬೆಂಗಳೂರಿನವರಿಗೆ ರಾತ್ರಿಯ ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೆ. ಬಾದಾಮಿ ಸ್ಟೇಷನ್ ಊರಿಂದ ಐದು ಕಿಲೋಮೀಟರು ದೂರ, ಹೊರಗೆ ಆಟೋ, ಟಂಟಂ ಸಿಗುತ್ತವೆ.

ಐಹೊಳೆಯಲ್ಲಿ ಡ್ರೈವರ್ ದುರ್ಗ ಗುಡಿಯ ಮುಂದೆ ನಿಲ್ಲಿಸುತ್ತಾರೆ. ರಾವಣಫಡಿ ಅಲ್ಲಿಂದ ಒಂದು ಕಿಲೋಮೀಟರಿನೊಳಗೆ, ಏರಿನಲ್ಲಿ. ಹೇಳದಿದ್ದರೆ ಬಿಟ್ಟೇ ಹೋಗುತ್ತದೆ. ಫಡಿ ಅಂದರೆ ಇಲ್ಲಿಯ ಮಾತಿನಲ್ಲಿ ಬಂಡೆ. ಒಳಗೆ ರಾವಣನನ್ನು ಹುಡುಕಬೇಡಿ, ಇರುವುದು ಶಿವಲಿಂಗ. ಮಧ್ಯಾಹ್ನ ಮೂರರ ಸುಮಾರಿಗೆ ಹೋಗಿ, ಇಳಿಬಿಸಿಲು ಬಾಗಿಲ ಕಡೆಯಿಂದ ಒಳಕ್ಕೆ ಬರುತ್ತದೆ. ಎಡಗಡೆಯ ಸಣ್ಣ ಕೋಣೆಯಲ್ಲಿ ಹತ್ತು ಕೈಯ ಶಿವ ಕುಣಿಯುತ್ತಾನೆ, ಸುತ್ತ ಸಪ್ತಮಾತೃಕೆಯರು, ಜೊತೆಗೆ ಪಾರ್ವತಿ, ಗಣಪತಿ, ಕಾರ್ತಿಕೇಯ. ಬೆಳಿಗ್ಗೆ ಕಂಡ ನಟರಾಜ ಬಯಲಿನ ಬಂಡೆಯ ಮೇಲೆ ಕುಣಿದವನು. ಇಲ್ಲಿ ಕೋಣೆಯ ಮೂರು ಗೋಡೆಗೂ ಹಬ್ಬಿ ನಿಮ್ಮನ್ನೇ ನಡುವೆ ನಿಲ್ಲಿಸಿಕೊಂಡು ಕುಣಿಯುತ್ತಾರೆ. ಮಾತೃಕೆಯರ ಎತ್ತರದ ಕಿರೀಟ, ಸೀರೆಯ ನಿರಿಗೆಯ ಗೀರುಗಳಿಗೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಬಾದಾಮಿಯ ದುಂಡು ಮೈಗಳನ್ನು ನೋಡಿ ಬಂದ ಕಣ್ಣಿಗೆ ಈ ತೆಳ್ಳನೆಯ ಉದ್ದ ಮೈಗಳು ಬೇರೆ ಕೈಯವು ಎಂದು ಕೂಡಲೇ ತಿಳಿಯುತ್ತದೆ. ಒಂದೇ ದಿನ ಎರಡನ್ನೂ ನೋಡಿ ಅನ್ನುವುದು ಇದಕ್ಕೇ.

ನಾಲ್ಕಕ್ಕೆ ಹೊರಟರೆ ಐದೂಕಾಲಿಗೆ ಬಾದಾಮಿ. ಕೆರೆಯ ಉತ್ತರ ದಂಡೆ ಹಿಡಿದು, ಮ್ಯೂಸಿಯಂ ದಾಟಿ ನಡೆದರೆ ಪೂರ್ವದ ತುದಿಗೆ ಭೂತನಾಥ. ಗುಡಿಯ ಮುಖ ಪಶ್ಚಿಮಕ್ಕೆ, ಸಂಜೆಯ ಬಿಸಿಲು ನೇರ ಬೀಳುತ್ತದೆ, ಬಂಡೆ ಕಾದ ಕಬ್ಬಿಣದ ಬಣ್ಣಕ್ಕೆ ತಿರುಗುತ್ತದೆ. ಜೋರು ಮಳೆ ಬಂದ ದಿನವಾದರೆ ಅಕ್ಕ-ತಂಗಿ ಜಲಪಾತಗಳು ಬಂಡೆಯ ನೆತ್ತಿಯಿಂದ ಧುಮುಕುತ್ತಿರುತ್ತವೆ. ಕ್ರಿ.ಶ. 700ರ ಆಸುಪಾಸಿನ ಕಪ್ಪೆ ಅರಭಟ್ಟನ ಶಾಸನ, ನಮ್ಮ ತ್ರಿಪದಿಯ ಅತಿ ಹಳೆಯ ಮಾದರಿ, ಕೆರೆಯ ಈಶಾನ್ಯದ ಬಂಡೆಯ ಮೇಲಿದೆ. ಗೈಡನ್ನು ಬೆಳಿಗ್ಗೆಯೇ ಬೀಳ್ಕೊಟ್ಟಿದ್ದರೆ ಜಾಗ ಕೇಳಿಟ್ಟುಕೊಂಡಿರಿ, ಸ್ವಂತವಾಗಿ ಹುಡುಕುವುದು ಕಷ್ಟ. ಭೂತನಾಥದ ಹಿಂದಿನ ಬಂಡೆಯಲ್ಲಿ ಮತ್ತೊಬ್ಬ ವಿಷ್ಣು ಇದ್ದಾನೆ. ಬೆಳಿಗ್ಗೆ ಹಾವಿನ ಮೇಲೆ ಕೂತಿದ್ದವನು ಇಲ್ಲಿ ಅದೇ ಹಾವಿನ ಮೇಲೆ ಕಾಲು ಚಾಚಿ ಮಲಗಿದ್ದಾನೆ. ಮರಳುವಾಗ ಓಣಿಯಲ್ಲಿ ದೀಪ ಕಡಿಮೆ, ಟಾರ್ಚು ಕೈಯಲ್ಲೇ ಇರಲಿ.